ಹಳೇ ಕಂಪ್ಯೂಟರನ್ನು ತೂಕಕ್ಕೆ ಹಾಕಬೇಡಿ



ಬರುವ ಶನಿವಾರ ನಮ್ಮ ಶಾಲೆಗೆ ಗುಜರಿಯವರು ಬರ್ತಾರಂತೆ. ಮುರಿದ ಬೆಂಚು, ತುಕ್ಕು ಹಿಡಿದ ಬೀರು, ಹಳೇ ಪೇಪರು, ಇವುಗಳ ಜೊತೆಗೆ ಸ್ಟೋರ್ ರೂಮಿನಲ್ಲಿರುವ ಹಳೇ ಕಂಪ್ಯೂಟರನ್ನೂ ಕೊಡ್ತಾರಂತೆ. ಬೆಂಚು, ಬೀರು ಕೊಡಲಿ, ನನ್ನದೇನೂ ತಕರಾರಿಲ್ಲ. ಆದರೆ ಕಂಪ್ಯೂಟರನ್ನು ಮಾತ್ರ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಆ ಕಂಪ್ಯೂಟರಿನ ಪಕ್ಕ ಒಂದು ಡಬ್ಬಿ ತುಂಬ ಫ್ಲಾಪಿಗಳಿದ್ದವು. ನಾನೂ ನನ್ನ ಗೆಳೆಯರೂ ಅವನ್ನು ಬಿಚ್ಚಿ, ಒಳಗಿದ್ದ ತೆಳ್ಳಗಿನ ಕಂದು ಬಿಲ್ಲೆಗಳನ್ನು ಮೈದಾನದಲ್ಲಿ ಹಾರಿಸಿ ಆಡಿದೆವು. ಒಂದರ ಮೇಲೆ "7ನೇ ತರಗತಿ, ಗೋಡೆ ಪತ್ರಿಕೆ, 2004" ಅಂತ ಚೀಟಿ ಅಂಟಿಸಿತ್ತು. ಓದಿದೆ, ಆದರೂ ಬಿಚ್ಚಿದೆ.

ಈ ಸಲ ಬೇಸಿಗೆ ರಜದಲ್ಲಿ ಚಿಕ್ಕಮ್ಮ ಊರಿಗೆ ಬಂದಾಗ ಈ ವಿಷಯ ಬಾಯಿತಪ್ಪಿ ಹೇಳಿಬಿಟ್ಟೆ. ಚಿಕ್ಕಮ್ಮ ನಗಲಿಲ್ಲ. 2004ರಲ್ಲಿ ಅವರೇ ಈ ಶಾಲೆಯಲ್ಲಿ ಏಳನೇ ಕ್ಲಾಸು ಓದುತ್ತಿದ್ದರು. ಮುತ್ತಜ್ಜಿ ಹೇಳುತ್ತಿದ್ದ ರಾಗಿ ಕಣದ ಕಥೆಯನ್ನು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ದರಂತೆ. ಮುತ್ತಜ್ಜಿ ಈಗಿಲ್ಲ. ಕಥೆ ಚಿಕ್ಕಮ್ಮನಿಗೂ ಅರ್ಧ ಮರೆತುಹೋಗಿದೆ. "ಕಂಪ್ಯೂಟರಿನೊಳಗೂ ಒಂದು ಪ್ರತಿ ಇಟ್ಟಿದ್ವಿ ಕಣೋ, ಇದ್ದರೂ ಇರಬಹುದು" ಅಂದರು.

ಅವತ್ತಿನಿಂದ ಹಳೇ ಕಂಪ್ಯೂಟರುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ವಿಜ್ಞಾನದ ಮೇಷ್ಟ್ರೂ ತಮ್ಮ ಫೋನಿನಲ್ಲಿ ತೋರಿಸಿದರು. 1982ರಲ್ಲಿ ಇಂಗ್ಲೆಂಡಿನಲ್ಲಿ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರ್ ಬಂತು. ನೋಡಲು ಬರೀ ಕೀಲಿಮಣೆ, ಅಷ್ಟೆ. ಪರದೆ ಬೇಕಾದರೆ ಮನೆಯ ಟಿ.ವಿ.ಗೇ ಜೋಡಿಸಬೇಕು. ಆಟಗಳೆಲ್ಲ ಇರುತ್ತಿದ್ದದ್ದು ಹಾಡು ಕೇಳುವಂಥ ಕ್ಯಾಸೆಟ್ಟಿನಲ್ಲಿ! ಟೇಪ್ ರೆಕಾರ್ಡರ್ ಹಾಕಿದರೆ ಕೀ... ಕರ್ರ್... ಅಂತ ಸದ್ದು. ಆ ಸದ್ದನ್ನು ಕೇಳಿಯೇ ಕಂಪ್ಯೂಟರ್ ಆಟ ಕಲಿಯಬೇಕು. ಕೆಲವು ನಿಮಿಷ ಕಾದ ಮೇಲೆ ಆಟ ಶುರು. ಮುಂದೆ ಪುಣೆಯ ಡೆಸಿಬೆಲ್ಸ್ ಎಂಬ ಕಂಪನಿ ಇದನ್ನು ನಮ್ಮ ದೇಶದಲ್ಲೂ ಮಾರಿತು. ಅದಕ್ಕೂ ಮೊದಲೇ, 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಲ್ಲಿ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಕೊಡಲು ಶುರುಮಾಡಿತ್ತು.

ದೊಡ್ಡ ಸ್ಪೆಕ್ಟ್ರಮ್ಮಿನ ಮೆಮೊರಿ 48 ಕೆ.ಬಿ. ನಮ್ಮಪ್ಪನ ಫೋನಿನದು 4 ಜಿ.ಬಿ. ಭಾಗಿಸಿ ನೋಡಿದೆ, 87,000 ಪಟ್ಟಿಗಿಂತ ಹೆಚ್ಚು! ಅಷ್ಟು ಚಿಕ್ಕ ಜಾಗದಲ್ಲಿ ಆಟ ಬರೆದವರು ಎಂಥ ಬುದ್ಧಿವಂತರಿರಬೇಕು? ನಾವಾದರೋ ಫೋನ್ ತುಂಬಿಹೋಯ್ತು ಅಂತ ಗೊಣಗ್ತೀವಿ.

ಇಂಥ ಕಂಪ್ಯೂಟರುಗಳನ್ನು ಇವತ್ತಿಗೂ ಜೋಪಾನ ಮಾಡುವ ಉತ್ಸಾಹಿಗಳು ಎಷ್ಟೋ ದೇಶಗಳಲ್ಲಿದ್ದಾರೆ. ಕೆಟ್ಟ ಕೆಪಾಸಿಟರ್ ತೆಗೆದು ಹೊಸದು ಹಾಕುತ್ತಾರೆ. ಕ್ಯಾಸೆಟ್ ಸವೆಯುವ ಮುಂಚೆ ಅದರ ಸದ್ದನ್ನು ಹೊಸ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಹೊಸ ಕಂಪ್ಯೂಟರೇ ಹಳೆಯದರ ವೇಷ ಹಾಕುವ ಹಾಗೆ ಎಮ್ಯುಲೇಟರ್ ಎಂಬ ತಂತ್ರಾಂಶ ಬರೆದಿದ್ದಾರೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಹಳೇ ಕಂಪ್ಯೂಟರುಗಳಿಗೆಂದೇ ಒಂದು ಮ್ಯೂಸಿಯಂ ಇದೆ. ಅಲ್ಲಿ ಮಕ್ಕಳು ಅವನ್ನು ಮುಟ್ಟಿ ಆಡಬಹುದು.

"ಅದು ಅವರ ದೇಶದ ಮಾತು, ನಮಗೇನು?" ಅಂತ ನೀವು ಕೇಳಬಹುದು. ಕನ್ನಡಕ್ಕೂ ಒಂದು ಕಥೆ ಇದೆ. ಮಾಮೂಲಿ ಇಂಗ್ಲಿಷ್ ಕೀಲಿಮಣೆಯಲ್ಲೇ ಸುಲಭವಾಗಿ ಕನ್ನಡ ಬರೆಯುವ ವಿನ್ಯಾಸ ಮಾಡಿದವರು ಕೆ.ಪಿ. ರಾವ್ ಅವರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಚಿಕ್ಕಮ್ಮನವರು ಟೈಪ್ ಮಾಡಿದ್ದು ನುಡಿಯಲ್ಲೇ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆದ್ದರಿಂದ ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕನ್ನಡ ಕಾಣಿಸೋದಿಲ್ಲ, ಬರೀ ಕಲಸುಮೇಲೋಗರ. ಈಗಿನ ಯುನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆಗಳಿವೆ. ಹಳೆಯದನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳೇ ಬರೆದು ಎಲ್ಲರಿಗೂ ಕೊಟ್ಟಿದ್ದಾರೆ. ಅಂದರೆ ಓದುವ ದಾರಿ ಇದೆ. ಓದೋದಕ್ಕೆ ಬರಹ ಉಳಿದಿರಬೇಕು, ಅಷ್ಟೆ.

ಬಿಸಿಯೂಟದ ಅಕ್ಕಿ ಮೂಟೆ ಇಡಲು ಜಾಗ ಬೇಕು ಅನ್ನೋದು ಹೆಡ್ ಮೇಷ್ಟ್ರ ಮಾತು. ಅದು ನಿಜವೇ. ಮೂಟೆ ನೆಲದ ಮೇಲೆ ತೇವ ಹಿಡಿದರೆ ಊಟ ನಮಗೇ ಕಮ್ಮಿ. ಆದರೆ ಒಂದು ಕಂಪ್ಯೂಟರಿಗೆ ಒಂದು ಮೇಜಿನ ಜಾಗ ಸಾಕು. ನಮ್ಮೂರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾಯಿತು. ಆದರೂ ಬೀಸೋ ಕಲ್ಲನ್ನು ಯಾರಾದರೂ ಎಸೆದರಾ? ಮದುವೆ ಬಂದರೆ ಅದನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು ಶಾಸ್ತ್ರ ಮಾಡ್ತಾರೆ. ನಮ್ಮ ಶಾಲೆಯಲ್ಲಿ ಕನ್ನಡ ಬರೆದ ಮೊದಲ ಕಂಪ್ಯೂಟರಿಗೆ ಅಷ್ಟು ಮರ್ಯಾದೆಯೂ ಬೇಡವೇ?

ಹೊಸಕೋಟೆಯಿಂದ ಬಸ್ಸು ಹತ್ತಿದರೆ ಬೆಂಗಳೂರು. ಕಂಪ್ಯೂಟರಿನಿಂದಲೇ ಹೆಸರಾದ ಊರಿನ ಮಗ್ಗುಲಲ್ಲಿದ್ದೂ ನಾವು ಕಂಪ್ಯೂಟರನ್ನು ಕಬ್ಬಿಣದ ಲೆಕ್ಕದಲ್ಲಿ ತೂಗುವುದು ನಾಚಿಕೆಗೇಡು.

ನನ್ನ ಕೋರಿಕೆ ಮೂರೇ. ಒಂದು, ಶನಿವಾರಕ್ಕೆ ಮುಂಚೆ ಗೊತ್ತಿರುವವರಿಂದ ಧೂಳು ತೆಗೆಸಿ, ಒಳಗೆ ಕೆಪಾಸಿಟರ್ ಉಬ್ಬಿದೆಯಾ ಅಂತ ನೋಡಿಸಿ, ಆಮೇಲೆ ಒಂದು ಸಲ ಆನ್ ಮಾಡಿಸಿ. ಎರಡು, ಆನ್ ಆಗದಿದ್ದರೂ ಒಳಗಿರುವ ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ. ಬರಹಗಳೆಲ್ಲ ಇರೋದು ಅದರಲ್ಲೇ. ಮೂರು, ಕೊನೆಗೆ ಎಸೆಯಲೇಬೇಕು ಅಂದರೂ ಬೀದಿ ಗುಜರಿಗೆ ಬೇಡ. ಹಳೇ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತದೆ. ವೈರು ಸುಟ್ಟರೆ ವಿಷದ ಹೊಗೆ ಬರುತ್ತದೆ. ನಮ್ಮ ಜಿಲ್ಲೆಯ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇ-ಪರಿಸರ ಎಂಬ ಇ-ತ್ಯಾಜ್ಯ ಘಟಕ ಶುರುವಾಯಿತು. ಇಂಥ ವಸ್ತು ಅಂಥ ಕಡೆಗೇ ಹೋಗಬೇಕು.

ಒರೆಸುವ ಕೆಲಸ ನನ್ನದು. ಶುಕ್ರವಾರ ಸಂಜೆ ಬೆಲ್ ಹೊಡೆದ ಮೇಲೆ ಬಟ್ಟೆ, ಬ್ರಷ್ಷು ತಂದು ಸ್ಟೋರ್ ರೂಮಿನ ಹತ್ತಿರ ಇರ್ತೀನಿ. ಅವತ್ತು ನನ್ನ ಜೊತೆ ಬಿಲ್ಲೆ ಹಾರಿಸಿದವರೂ ಬನ್ನಿ. ಹೆಡ್ ಮೇಷ್ಟ್ರು ದಯವಿಟ್ಟು ಬೀಗದಕೈ ಕೊಡಬೇಕು.

ಇಂತಿ ನಿಮ್ಮ ಪ್ರೀತಿಯ,
7ನೇ ತರಗತಿಯ ವಿದ್ಯಾರ್ಥಿ