ಬರೆಯುವುದು ಬೇರೆ, ಕರೆಯುವುದು ಬೇರೆ

ನಗರದ ಮನೆಗಳಲ್ಲಿ ‘ಫಂಕ್ಷನ್’ ಎಂದೊಡನೆ ನಾಮಕರಣವೋ ಗೃಹಪ್ರವೇಶವೋ ನೆನಪಿಗೆ ಬರುವುದು ಸಹಜ. ಆದರೆ ಗಣಕಯಂತ್ರದ ವಿದ್ಯೆಯನ್ನು ಕಲಿಯುತ್ತಿರುವ ಮಗನೋ ಮಗಳೋ ಅದೇ ಮಾತನ್ನಾಡಿದರೆ ಅದರ ಅರ್ಥವೇ ಬೇರೆ. ಒಂದು ಕೆಲಸಕ್ಕೆ ಬೇಕಾದ ಆಜ್ಞೆಗಳನ್ನೆಲ್ಲ ಒಟ್ಟುಗೂಡಿಸಿ, ಅವಕ್ಕೊಂದು ಹೆಸರಿಟ್ಟು, ಬೇಕೆಂದಾಗಲೆಲ್ಲ ಆ ಹೆಸರಿನಿಂದ ಕರೆದು ಕೆಲಸ ಮಾಡಿಸಿಕೊಳ್ಳುವ ಏರ್ಪಾಡಿಗೆ ಅಲ್ಲಿ ಫಂಕ್ಷನ್ ಎಂದು ಹೆಸರು. ಅಂತರಜಾಲದ ಪುಟಗಳಿಗೆ ಚಲನೆಯನ್ನು ಕೊಡುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಂತೂ ಫಂಕ್ಷನ್ ಇಲ್ಲದೆ ಒಂದು ಹೆಜ್ಜೆಯೂ ಸಾಗದು. ಹೊಸಬರು ಎಡವುವುದೂ ಬಹುಮಟ್ಟಿಗೆ ಅಲ್ಲಿಯೇ.

ಫಂಕ್ಷನ್ ಎಷ್ಟೇ ಚಿಕ್ಕದಾಗಿದ್ದರೂ ಅದರ ಮೇಲೆ ಎಂತಹ ಭಾರ ಬಿದ್ದಿರಬಹುದೆಂಬುದು ೨೦೧೬ನೆಯ ಇಸವಿ ಮಾರ್ಚ್ ೨೨ರಂದು ಜಗತ್ತಿಗೆ ಗೊತ್ತಾಯಿತು. ಅಜೆರ್ ಕೊಚುಲು ಎಂಬವರು ‘ಲೆಫ್ಟ್‌ಪ್ಯಾಡ್’ ಎಂಬ ಫಂಕ್ಷನನ್ನು ಬರೆದು, ಯಾರು ಬೇಕಾದರೂ ಬಳಸಿಕೊಳ್ಳಲೆಂದು ‘ಎನ್‌ಪಿಎಂ’ ಎಂಬ ಉಗ್ರಾಣದಲ್ಲಿ ಇಟ್ಟಿದ್ದರು. ಜಗತ್ತಿನ ಜಾವಾಸ್ಕ್ರಿಪ್ಟ್ ಬರಹಗಾರರೆಲ್ಲ ತಮ್ಮ ಕೃತಿಗಳನ್ನು ಹಂಚಿಕೊಳ್ಳುವ ಸ್ಥಳವದು. ಲೆಫ್ಟ್‌ಪ್ಯಾಡ್ ಮಾಡುತ್ತಿದ್ದ ಕೆಲಸ ಬಹಳ ಸರಳ. ಒಂದು ಪದದ ಅಥವಾ ಅಂಕಿಯ ಎಡಭಾಗದಲ್ಲಿ ಬೇಕಾದಷ್ಟು ಅಕ್ಷರಗಳನ್ನು ತುಂಬಿ, ಅದನ್ನು ಗೊತ್ತಾದ ಉದ್ದಕ್ಕೆ ತರುವುದು. ೭ ಎಂಬುದನ್ನು ೦೦೭ ಎಂದು ಮಾಡಬೇಕಾದರೆ ಅದನ್ನು ಕರೆದರಾಯಿತು. ಅದರ ಒಟ್ಟು ಬರಹ ಹನ್ನೊಂದು ಸಾಲು.

ಕೊಚುಲು ಅವರ ಮತ್ತೊಂದು ಕೃತಿಗೆ ‘ಕಿಕ್’ ಎಂಬ ಹೆಸರಿತ್ತು. ಅದೇ ಹೆಸರಿನ ಸಂಸ್ಥೆಯೊಂದು ಆ ಹೆಸರು ತನಗೆ ಬೇಕೆಂದಿತು. ಉಗ್ರಾಣದವರು ಸಂಸ್ಥೆಯ ಪರವಾಗಿ ತೀರ್ಮಾನಿಸಿದರು. ಮನನೊಂದ ಕೊಚುಲು ತಮ್ಮ ೨೭೦ಕ್ಕೂ ಹೆಚ್ಚು ಕೃತಿಗಳನ್ನು ಉಗ್ರಾಣದಿಂದ ಹಿಂದೆಗೆದುಕೊಂಡರು. ಅವುಗಳೊಡನೆ ಲೆಫ್ಟ್‌ಪ್ಯಾಡ್ ಕೂಡ ಮಾಯವಾಯಿತು. ಆಗಲೇ ನಡೆಯುತ್ತಿದ್ದ ಪ್ರೋಗ್ರಾಮುಗಳಿಗೆ ಏನೂ ಆಗಲಿಲ್ಲ. ಆದರೆ ಹೊಸದಾಗಿ ಪ್ರೋಗ್ರಾಮುಗಳನ್ನು ಜೋಡಿಸಿ ಸಿದ್ಧಪಡಿಸುವ ಕೆಲಸ ಲೋಕದ ಅನೇಕ ಕಡೆ ಒಮ್ಮೆಗೇ ನಿಂತಿತು. ಲೆಫ್ಟ್‌ಪ್ಯಾಡ್ ಎಂಬುದೊಂದು ಇದೆಯೆಂದು ಕೂಡ ಅಲ್ಲಿನ ಬಹುಮಂದಿಗೆ ತಿಳಿದಿರಲಿಲ್ಲ. ಅವರು ಬಳಸುತ್ತಿದ್ದುದು ‘ಬೇಬೆಲ್’ನಂತಹ ದೊಡ್ಡ ಸಾಧನಗಳನ್ನು, ಆ ಸಾಧನಗಳು ಬೇರೆ ಯಾವುದನ್ನೋ ಕರೆಯುತ್ತಿದ್ದವು, ಅದು ಕೊನೆಗೆ ಲೆಫ್ಟ್‌ಪ್ಯಾಡನ್ನು ಕರೆಯುತ್ತಿತ್ತು.

ಈ ಹನ್ನೊಂದು ಸಾಲುಗಳನ್ನೇ ಮುಂದಿಟ್ಟುಕೊಂಡು ನೋಡಿದರೆ, ಹೊಸಬರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲಿಗೆ ಉತ್ತರ ದೊರೆಯುತ್ತದೆ. ಆ ಉತ್ತರಗಳೆಲ್ಲಕ್ಕೂ ಮೂಲಸೂತ್ರ ಒಂದೇ: ಫಂಕ್ಷನನ್ನು ಬರೆಯುವುದು ಬೇರೆ, ಕರೆಯುವುದು ಬೇರೆ.

ಬರೆದಾಯಿತು; ಏನೂ ನಡೆಯಲಿಲ್ಲವೇಕೆ?

ಪಾಕಪುಸ್ತಕದಲ್ಲಿ ಬಿಸಿಬೇಳೆ ಹುಳಿಯನ್ನದ ವಿಧಾನ ಅಚ್ಚಾಗಿದೆಯೆಂದ ಮಾತ್ರಕ್ಕೆ ಅದು ಎಲೆಗೆ ಬಂದು ಬೀಳುವುದಿಲ್ಲ. ಹಾಗೆಯೇ ಬರೆದಿಟ್ಟ ಫಂಕ್ಷನ್, ಯಾರಾದರೂ ಕರೆಯುವ ತನಕ, ಸುಮ್ಮನಿರುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಕರೆಯ ಗುರುತು ದುಂಡು ಆವರಣ ಚಿಹ್ನೆ. ಹೆಸರಿನ ಮುಂದೆ ಆ ಚಿಹ್ನೆಯಿದ್ದರೆ ‘ಈಗಲೇ ಕೆಲಸ ಮಾಡು’ ಎಂದರ್ಥ. ಬರಿಯ ಹೆಸರಿದ್ದರೆ ಆ ಫಂಕ್ಷನ್ ಎಂಬ ವಸ್ತುವೇ ಎಂದರ್ಥ.

ಹೊಸಬರ ಅತ್ಯಂತ ಸಾಮಾನ್ಯವಾದ ತಪ್ಪು ಹುಟ್ಟುವುದು ಈ ಭೇದವನ್ನು ಮರೆತಾಗ. ಪುಟದ ಮೇಲಿನ ಗುಂಡಿಯನ್ನು ಒತ್ತಿದಾಗ ಒಂದು ಫಂಕ್ಷನ್ ನಡೆಯಬೇಕೆಂದಿಟ್ಟುಕೊಳ್ಳೋಣ. ಆಗ ಗುಂಡಿಗೆ ಫಂಕ್ಷನಿನ ಹೆಸರನ್ನಷ್ಟೇ ಒಪ್ಪಿಸಬೇಕು. ಅಭ್ಯಾಸಬಲದಿಂದ ಆವರಣ ಚಿಹ್ನೆಯನ್ನೂ ಸೇರಿಸಿದರೆ, ಯಾರೂ ಗುಂಡಿಯನ್ನು ಮುಟ್ಟುವ ಮೊದಲೇ ಆ ಕೆಲಸ ಮುಗಿದುಹೋಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಉತ್ತರವಿಲ್ಲ. ಫಂಕ್ಷನನ್ನು ಹೀಗೆ ಒಂದು ವಸ್ತುವಿನಂತೆ ಕೈಯಿಂದ ಕೈಗೆ ದಾಟಿಸುವ ಸೌಕರ್ಯ ಈ ಭಾಷೆಯ ಹುಟ್ಟುಗುಣ. ೧೯೯೫ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ಹತ್ತು ದಿನಗಳಲ್ಲಿ ಅದರ ಮೊದಲ ರೂಪವನ್ನು ಸಿದ್ಧಪಡಿಸಿದಾಗ, ಈ ಗುಣವನ್ನು ‘ಸ್ಕೀಮ್’ ಎಂಬ ಹಳೆಯ ಭಾಷೆಯಿಂದ ತೆಗೆದುಕೊಂಡರು.

ಫಂಕ್ಷನನ್ನು ಬರೆದ ಸಾಲಿಗಿಂತ ಮೇಲಿನ ಸಾಲಿನಲ್ಲಿಯೇ ಅದನ್ನು ಕರೆಯಬಹುದೇ ಎಂಬುದು ಇದಕ್ಕೆ ಹೊಂದಿಕೊಂಡ ಪ್ರಶ್ನೆ. ‘ಫಂಕ್ಷನ್’ ಎಂಬ ಪದದಿಂದಲೇ ಆರಂಭಿಸಿ ಹೆಸರಿಟ್ಟು ಬರೆದಿದ್ದರೆ ಕರೆಯಬಹುದು. ಯಂತ್ರವು ಅಂತಹ ಹೆಸರುಗಳನ್ನು ಮೊದಲೇ ಗುರುತು ಹಾಕಿಕೊಂಡಿರುತ್ತದೆ. ‘ಕಾನ್ಸ್ಟ್’ ಅಥವಾ ‘ಲೆಟ್’ ಎಂಬ ಪದದಿಂದ ಹೆಸರೊಂದನ್ನು ಮಾಡಿ ಅದರಲ್ಲಿ ಫಂಕ್ಷನನ್ನು ತುಂಬಿಟ್ಟಿದ್ದರೆ, ಆ ಸಾಲು ದಾಟುವ ತನಕ ಕರೆಯುವಂತಿಲ್ಲ.

ಕೇಳಿದಷ್ಟು ಕೊಡದಿದ್ದರೆ ಏನಾಗುತ್ತದೆ?

ಲೆಫ್ಟ್‌ಪ್ಯಾಡ್ ಮೂರು ವಿಷಯಗಳನ್ನು ಕೇಳುತ್ತದೆ: ಪದ ಯಾವುದು, ಉದ್ದ ಎಷ್ಟು, ತುಂಬಬೇಕಾದ ಅಕ್ಷರ ಯಾವುದು. ಕರೆಯುವವರು ಎರಡನ್ನೇ ಕೊಟ್ಟರೆ ಜಾವಾಸ್ಕ್ರಿಪ್ಟ್ ಆಕ್ಷೇಪಿಸುವುದಿಲ್ಲ. ಬಾರದ ಮೂರನೆಯದರ ಜಾಗದಲ್ಲಿ ‘ಅನ್‌ಡಿಫೈನ್ಡ್’, ಎಂದರೆ ‘ಗೊತ್ತುಪಡಿಸಿಲ್ಲ’, ಎಂಬ ಗುರುತನ್ನಿಟ್ಟು ಮುಂದೆ ಸಾಗುತ್ತದೆ. ನಾಲ್ಕು ಕೊಟ್ಟರೆ, ಹೆಚ್ಚಾದ ನಾಲ್ಕನೆಯದು ಯಾವ ಹೆಸರಿಗೂ ಸೇರದೆ ಉಳಿಯುತ್ತದೆ. ಈ ಔದಾರ್ಯವೇ ಅಪಾಯ. ತಪ್ಪು ನಡೆದ ಜಾಗದಲ್ಲಿ ಯಂತ್ರ ಮೌನವಾಗಿದ್ದು, ಎಲ್ಲೋ ದೂರದಲ್ಲಿ ಲೆಕ್ಕ ಕೆಟ್ಟಾಗ ಕೂಗುತ್ತದೆ.

ಆದುದರಿಂದ ಬರೆಯುವವರು ಮೊದಲೇ ಯೋಚಿಸಬೇಕು. ತುಂಬುವ ಅಕ್ಷರವನ್ನು ಕೊಡದಿದ್ದರೆ ಬರಿಯ ಖಾಲಿ ಜಾಗವನ್ನು ತುಂಬಬೇಕೆಂದು ಲೆಫ್ಟ್‌ಪ್ಯಾಡಿನಲ್ಲಿ ಬರೆದಿತ್ತು. ಆದರೆ ಅಲ್ಲೊಂದು ಸೂಕ್ಷ್ಮವುಂಟು. ‘ಇದೆಯೇ, ಇಲ್ಲವೇ’ ಎಂದು ಪರೀಕ್ಷಿಸುವಾಗ ಜಾವಾಸ್ಕ್ರಿಪ್ಟ್ ಸೊನ್ನೆಯನ್ನೂ ‘ಇಲ್ಲ’ದವರ ಸಾಲಿಗೆ ಸೇರಿಸುತ್ತದೆ. ಆ ಪರೀಕ್ಷೆಯೊಂದನ್ನೇ ನಂಬಿದ್ದರೆ, ಸೊನ್ನೆಯ ಅಂಕಿಯನ್ನು ತುಂಬಿ ೦೦೭ ಮಾಡಹೊರಟವರಿಗೆ ಎರಡು ಖಾಲಿ ಜಾಗಗಳ ಮುಂದೆ ೭ ಸಿಕ್ಕುತ್ತಿತ್ತು. ಅದಕ್ಕೆಂದೇ ‘ಸೊನ್ನೆಯಾದರೆ ಮಾತ್ರ ಒಪ್ಪಿಕೋ’ ಎಂಬ ಎಚ್ಚರಿಕೆ ಆ ಸಾಲಿನಲ್ಲಿ ಸೇರಿತ್ತು. ೨೦೧೫ರಲ್ಲಿ ಪ್ರಕಟವಾದ ಭಾಷೆಯ ಪರಿಷ್ಕೃತ ನಿಯಮಾವಳಿಯ ಮೇಲೆ ಈ ತೊಡಕು ಕಡಿಮೆಯಾಗಿದೆ. ಕೊಡದಿದ್ದಾಗ ಬಳಸಬೇಕಾದ ಬೆಲೆಯನ್ನು ಫಂಕ್ಷನಿನ ತಲೆಬರಹದಲ್ಲಿಯೇ ಸೂಚಿಸಬಹುದು; ಅದು ‘ಅನ್‌ಡಿಫೈನ್ಡ್’ ಆದಾಗ ಮಾತ್ರ ಜಾರಿಗೆ ಬರುವುದರಿಂದ ಸೊನ್ನೆಗೆ ಚ್ಯುತಿಯಿಲ್ಲ.

ತೋರಿಸುವುದೂ ಹಿಂದಿರುಗಿಸುವುದೂ ಒಂದೇ ಅಲ್ಲವೇ?

ಅಲ್ಲ. ಲೆಫ್ಟ್‌ಪ್ಯಾಡ್ ತೆರೆಯ ಮೇಲೆ ಏನನ್ನೂ ತೋರಿಸುವುದಿಲ್ಲ. ಸಿದ್ಧವಾದ ಪದವನ್ನು ‘ರಿಟರ್ನ್’ ಎಂಬ ಆಜ್ಞೆಯ ಮೂಲಕ ಕರೆದವರ ಕೈಗೆ ಕೊಟ್ಟು ಸುಮ್ಮನಾಗುತ್ತದೆ. ಆ ಪದವನ್ನು ತೆರೆಯ ಮೇಲೆ ಬರೆಯುವುದೋ, ಕಡತದಲ್ಲಿ ಇಡುವುದೋ, ಬೇರೊಂದು ಫಂಕ್ಷನಿಗೆ ಒಪ್ಪಿಸುವುದೋ ಕರೆದವರ ಇಷ್ಟ. ‘ಕನ್ಸೋಲ್ ಲಾಗ್’ ಎಂಬ ಆಜ್ಞೆಯಿಂದ ಉತ್ತರ ಕಣ್ಣಿಗೆ ಕಾಣುವುದರಿಂದ, ಕಲಿಯುವವರು ಅದನ್ನೇ ಸಾಕೆಂದು ಭಾವಿಸುವುದುಂಟು. ಅಂಗಡಿಯ ಗಾಜಿನ ಕಪಾಟಿನಲ್ಲಿ ಸೀರೆಯನ್ನು ತೋರಿಸುವುದಕ್ಕೂ ಅದನ್ನು ಕಟ್ಟಿ ಕೈಗೆ ಕೊಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ‘ರಿಟರ್ನ್’ ಇಲ್ಲದ ಫಂಕ್ಷನಿನಿಂದ ಕರೆದವರಿಗೆ ದೊರಕುವುದು ಅದೇ ‘ಅನ್‌ಡಿಫೈನ್ಡ್’. ‘ರಿಟರ್ನ್’ ಎಂದು ಬರೆದು, ಕೊಡಬೇಕಾದ ವಸ್ತುವನ್ನು ಮುಂದಿನ ಸಾಲಿನಲ್ಲಿ ಬರೆದರೂ ಫಲ ಅಷ್ಟೇ. ಸಾಲು ಮುರಿದೊಡನೆ ಯಂತ್ರವು ಆ ವಾಕ್ಯ ಮುಗಿಯಿತೆಂದು ತಿಳಿಯುತ್ತದೆ.

ಒಳಗಿನ ಹೆಸರು ಹೊರಗೇಕೆ ಕಾಣದು?

ಎಷ್ಟು ಅಕ್ಷರ ತುಂಬಿದ್ದಾಯಿತೆಂದು ಎಣಿಸಲು ಲೆಫ್ಟ್‌ಪ್ಯಾಡ್ ತನ್ನೊಳಗೆ ‘ಐ’ ಎಂಬ ಹೆಸರನ್ನು ಬಳಸುತ್ತದೆ. ಅದನ್ನು ಕರೆಯುವ ಸಾವಿರಾರು ಪ್ರೋಗ್ರಾಮುಗಳಲ್ಲಿಯೂ ‘ಐ’ ಎಂಬ ಹೆಸರಿರಬಹುದು. ಆದರೂ ಒಂದಕ್ಕೊಂದು ತಾಗುವುದಿಲ್ಲ. ಫಂಕ್ಷನಿನ ಒಳಗೆ ಸರಿಯಾಗಿ ಘೋಷಿಸಿದ ಹೆಸರುಗಳು ಆ ಮನೆಯ ಹೊಸ್ತಿಲು ದಾಟವು. ಒಳಗಿದ್ದವರಿಗೆ ಹೊರಗಿನದು ಕಾಣುತ್ತದೆ. ಹೊರಗಿದ್ದವರಿಗೆ ಒಳಗಿನದು ಕಾಣದು. ಘೋಷಿಸುವ ಪದವನ್ನು ಮರೆತು ಬರಿಯ ಹೆಸರಿಗೆ ಬೆಲೆ ಕಟ್ಟಿದರೆ ಮಾತ್ರ, ಬಿಗಿ ನಿಯಮ ಜಾರಿಯಲ್ಲಿಲ್ಲದ ಕಡೆ, ಅದು ಬೀದಿಗೆ ಬಂದು ಎಲ್ಲರದೂ ಆಗಿಬಿಡುತ್ತದೆ.

ಇನ್ನೊಂದು ವಿಶೇಷವೆಂದರೆ, ಯಾವ ಹೆಸರು ಯಾರಿಗೆ ಕಾಣಬೇಕೆಂಬುದು ತೀರ್ಮಾನವಾಗುವುದು ಫಂಕ್ಷನನ್ನು ಬರೆದ ಸ್ಥಳದಿಂದ, ಕರೆದ ಸ್ಥಳದಿಂದಲ್ಲ. ಒಂದು ಫಂಕ್ಷನಿನೊಳಗೆ ಬರೆದ ಮತ್ತೊಂದು ಫಂಕ್ಷನನ್ನು ಎಷ್ಟು ದೂರಕ್ಕೆ ಒಯ್ದು ಕರೆದರೂ, ತಾನು ಹುಟ್ಟಿದ ಕಡೆಯ ಹೆಸರುಗಳನ್ನು ಅದು ತವರಿನ ನೆನಪಿನಂತೆ ಉಳಿಸಿಕೊಂಡಿರುತ್ತದೆ. ಇದಕ್ಕೇ ‘ಕ್ಲೋಷರ್’ ಎನ್ನುವುದು.

‘ದಿಸ್’ ಎಂದರೆ ಯಾರು?

‘ಇದು’ ಎಂಬರ್ಥದ ಈ ಪದ ಎಲ್ಲರನ್ನೂ ಗೊಂದಲಕ್ಕೆ ದೂಡುತ್ತದೆ. ‘ನಮ್ಮ ಮನೆ’ ಎಂಬ ಮಾತಿನ ಅರ್ಥ ಆಡುವವರನ್ನು ಅವಲಂಬಿಸಿರುವಂತೆ, ಸಾಧಾರಣ ಫಂಕ್ಷನಿನಲ್ಲಿ ‘ದಿಸ್’ ಯಾರೆಂಬುದು ತೀರ್ಮಾನವಾಗುವುದು ಕರೆಯುವ ಕ್ಷಣದಲ್ಲಿ. ಒಂದು ವಸ್ತುವಿನ ಹೆಸರು, ಅದರ ಮುಂದೆ ಚುಕ್ಕೆ, ಆಮೇಲೆ ಫಂಕ್ಷನಿನ ಹೆಸರು—ಹೀಗೆ ಕರೆದರೆ ಚುಕ್ಕೆಯ ಹಿಂದಿರುವ ವಸ್ತುವೇ ‘ದಿಸ್’. ಅದೇ ಫಂಕ್ಷನನ್ನು ಬಿಡಿಯಾಗಿ ತೆಗೆದು ಒಂಟಿಯಾಗಿ ಕರೆದರೆ ಆ ಸಂಬಂಧ ಕಡಿದುಹೋಗುತ್ತದೆ. ೨೦೧೫ರ ನಿಯಮಾವಳಿಯಲ್ಲಿ ಬಂದ ಬಾಣದ ಗುರುತಿನ ಫಂಕ್ಷನ್ ಮಾತ್ರ ಇದಕ್ಕೆ ಹೊರತು. ಅದಕ್ಕೆ ಸ್ವಂತದ ‘ದಿಸ್’ ಇಲ್ಲ. ಬರೆದ ಸ್ಥಳದಲ್ಲಿ ಯಾವುದಿತ್ತೋ ಅದನ್ನೇ ಹಿಡಿದುಕೊಳ್ಳುತ್ತದೆ. ಬಾಣದ ಫಂಕ್ಷನ್ ಬರಿಯ ಸಂಕ್ಷೇಪ ಬರವಣಿಗೆಯಲ್ಲವೆಂಬುದು ಇದರಿಂದ ಸ್ಪಷ್ಟ.

ಕರೆಯುವ ಕೆಲಸವನ್ನೇ ಇನ್ನೊಬ್ಬರಿಗೆ ವಹಿಸಿದರೆ?

ಆಗ ಏನೇನು ಕೊಟ್ಟು ಕರೆಯಬೇಕೆಂಬುದನ್ನೂ ಆ ಇನ್ನೊಬ್ಬರೇ ನಿರ್ಧರಿಸುತ್ತಾರೆ. ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದುಂಟು. ಅಕ್ಷರರೂಪದಲ್ಲಿರುವ ಸಂಖ್ಯೆಯನ್ನು ಲೆಕ್ಕದ ಸಂಖ್ಯೆಯಾಗಿ ಮಾಡಲು ‘ಪಾರ್ಸ್‌ಇಂಟ್’ ಎಂಬ ಫಂಕ್ಷನ್ ಇದೆ. ಪಟ್ಟಿಯ ಒಂದೊಂದು ಅಂಶಕ್ಕೂ ಒಂದು ಫಂಕ್ಷನನ್ನು ಅನ್ವಯಿಸಲು ‘ಮ್ಯಾಪ್’ ಎಂಬುದಿದೆ. ೧೦, ೧೦, ೧೦ ಎಂದು ಮೂರು ಸಲ ಬರೆದ ಪಟ್ಟಿಯನ್ನು ಕೊಟ್ಟು, ‘ಮ್ಯಾಪ್’ನ ಕೈಗೆ ‘ಪಾರ್ಸ್‌ಇಂಟ್’ ಅನ್ನು ಒಪ್ಪಿಸಿದರೆ ಬರುವ ಉತ್ತರ: ಮೊದಲನೆಯದು ೧೦, ಎರಡನೆಯದು ‘ಸಂಖ್ಯೆಯೇ ಅಲ್ಲ’, ಮೂರನೆಯದು ೨!

ಯಂತ್ರಕ್ಕೆ ಭ್ರಮೆಯಾಗಿಲ್ಲ. ‘ಮ್ಯಾಪ್’ ತಾನು ಕರೆಯುವ ಫಂಕ್ಷನಿಗೆ ಅಂಶದ ಜೊತೆಗೆ ಅದರ ಕ್ರಮಸಂಖ್ಯೆಯನ್ನೂ ಕೊಡುತ್ತದೆ. ಆ ಎಣಿಕೆ ಸೊನ್ನೆಯಿಂದ ಆರಂಭ. ‘ಪಾರ್ಸ್‌ಇಂಟ್’ ಆದರೋ ತನ್ನ ಎರಡನೆಯ ವಿಷಯವನ್ನು ಎಣಿಕೆಯ ಆಧಾರವೆಂದು ತಿಳಿಯುತ್ತದೆ. ಸೊನ್ನೆಯೆಂದಾಗ ದಶಮಾನವೆಂದುಕೊಂಡು ೧೦ ಎನ್ನುತ್ತದೆ. ಒಂದರ ಆಧಾರವನ್ನು ಅದು ಒಪ್ಪುವುದೇ ಇಲ್ಲ. ಎರಡರ ಆಧಾರದಲ್ಲಿ ೧೦ ಎಂದರೆ ೨ ತಾನೆ? ಬರೆದವರದೂ ತಪ್ಪಿಲ್ಲ, ಕರೆದವರದೂ ತಪ್ಪಿಲ್ಲ. ಇಬ್ಬರ ನಡುವಣ ಕರಾರನ್ನು ಓದದೆ ಅವರನ್ನು ಜೊತೆಗೂಡಿಸಿದವರದು ತಪ್ಪು.

ಇನ್ನು ಲೆಫ್ಟ್‌ಪ್ಯಾಡಿನ ಕಥೆ ಎಲ್ಲಿಗೆ ಬಂತು? ಅದು ಮಾಯವಾದ ಹತ್ತು ನಿಮಿಷಗಳೊಳಗೆ ಇನ್ನೊಬ್ಬ ಬರಹಗಾರರು ಅದೇ ಕೆಲಸವನ್ನು ಮಾಡುವ ಫಂಕ್ಷನನ್ನು ಅದೇ ಹೆಸರಿನಲ್ಲಿ ಉಗ್ರಾಣಕ್ಕೆ ಸೇರಿಸಿದರು. ಆದರೂ ತೊಂದರೆ ತೀರಲಿಲ್ಲ. ಹೊಸದಕ್ಕೆ ೧.೦.೦ ಎಂಬ ಆವೃತ್ತಿಯ ಅಂಕಿತವಿತ್ತು, ಅನೇಕರು ೦.೦.೩ ಎಂಬ ಹಳೆಯ ಆವೃತ್ತಿಯೇ ಬೇಕೆಂದು ಕರೆಯುತ್ತಿದ್ದರು. ಕೊನೆಗೆ ಉಗ್ರಾಣದವರು ಹಿಂದೆಂದೂ ಮಾಡದ ಕ್ರಮವನ್ನು ಕೈಗೊಂಡು, ಲೇಖಕರು ತೆಗೆದುಹಾಕಿದ್ದ ಹಳೆಯ ಪ್ರತಿಯನ್ನೇ ಮತ್ತೆ ಇಟ್ಟರು. ಅಷ್ಟರಲ್ಲಿ ಸುಮಾರು ಎರಡೂವರೆ ಗಂಟೆ ಕಳೆದಿತ್ತು. ಇತರರು ಅವಲಂಬಿಸಿರುವ ಕೃತಿಯನ್ನು ಮನಬಂದಂತೆ ಹಿಂದೆಗೆಯಬಾರದೆಂದು ಆಮೇಲೆ ನಿಯಮಗಳನ್ನು ಬಿಗಿಗೊಳಿಸಿದರು. ೨೦೧೭ರ ನಿಯಮಾವಳಿಯಲ್ಲಿ ‘ಪ್ಯಾಡ್‌ಸ್ಟಾರ್ಟ್’ ಎಂಬ ಹೆಸರಿನಲ್ಲಿ ಅದೇ ಸೌಕರ್ಯ ಭಾಷೆಯೊಳಗೇ ಸೇರಿತು.

ಬರೆಯುವುದು ಹತ್ತು ನಿಮಿಷಗಳ ಕೆಲಸವಾಗಿತ್ತು. ಕರೆಯುವವರೆಲ್ಲರಿಗೂ ಉತ್ತರ ದೊರಕಿಸಲು ಎರಡೂವರೆ ಗಂಟೆ ಹಿಡಿಯಿತು. ಫಂಕ್ಷನನ್ನು ಬರೆಯುವವರು ತಮ್ಮನ್ನು ಎಂದೂ ಕಾಣದವರು ಅದನ್ನು ಕರೆಯುತ್ತಾರೆಂಬುದನ್ನು ನೆನಪಿಟ್ಟು ಬರೆಯಬೇಕು. ಕರೆಯುವವರು ಅದು ಏನನ್ನು ಕೇಳುತ್ತದೆ, ಏನನ್ನು ಹಿಂದಿರುಗಿಸುತ್ತದೆ, ಯಾರ ಮನೆಯಿಂದ ಬಂದಿದೆ ಎಂಬ ಮೂರನ್ನು ತಿಳಿದು ಕರೆಯಬೇಕು. ಮನೆಯ ಮಕ್ಕಳು ಈ ವಿದ್ಯೆಗೆ ಕೈಯಿಟ್ಟಿದ್ದರೆ, ಆವರಣ ಚಿಹ್ನೆಯನ್ನು ಹಾಕುವ ಮುನ್ನ ಆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳುವುದು ಲೇಸು.