ಬಿನ್ನವತ್ತಳೆಯಲ್ಲಿ ಬಿಟ್ಟುಹೋದದ್ದು

ಬಾನುಲಿ, ಟಿವಿಗಳಲ್ಲಿ ದುಡಿದ ಮಹಿಳೆಯರನ್ನು ಗೌರವಿಸುವ ಸಮಾರಂಭವೊಂದು ಬೆಂಗಳೂರಿನಲ್ಲಿತ್ತು, ಹೋಗಿದ್ದೆ. ಪ್ರಶಸ್ತಿ ಪಡೆದವರಲ್ಲಿ ಒಬ್ಬರು ಮೂವತ್ತು ವರ್ಷ ಕ್ಯಾಶುಯಲ್ ಉದ್ಘೋಷಕಿಯಾಗಿದ್ದವರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ಅವರನ್ನು ನಾಲ್ಕು ಮಾತಾಡಲು ಕರೆದರು. ಅವರು ಮೊದಲು ಮೈಕನ್ನು ಬಾಯಿಯ ನೇರದಿಂದ ತುಸು ಓರೆಗೆ ತಿರುಗಿಸಿಕೊಂಡರು. ಕೈಯಲ್ಲಿದ್ದ ಹಾಳೆಗಳ ಪಿನ್ನು ಬಿಚ್ಚಿ ಬಿಡಿಯಾಗಿಸಿದರು. ಒಂದು ಹಾಳೆ ಓದಿ ಮುಗಿದಾಗ ಮಗುಚದೆ, ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಕಾಗದದ ಸರಪರ ಕೇಳುಗರ ಕಿವಿಗೆ ಬೀಳಬಾರದು ಎಂಬ ಸ್ಟುಡಿಯೋದ ಅಭ್ಯಾಸ ಅದು. ‘ಭ’ಕಾರ ಬಂದಾಗಲೂ ಮೈಕು ಬುಸ್ಸೆನ್ನಲಿಲ್ಲ.

ಅವರಿಗೆ ಓದಿ ಕೊಟ್ಟ ಬಿನ್ನವತ್ತಳೆಯಲ್ಲಿ ಈ ಕಸುಬಿನ ಸುದ್ದಿಯೇ ಇರಲಿಲ್ಲ. ಮಧುರ ಕಂಠ, ನಗುಮೊಗ, ಮನೆಯನ್ನೂ ಕೆಲಸವನ್ನೂ ತೂಗಿಸಿಕೊಂಡು ಹೋದ ಗೃಹಿಣಿ – ಇಷ್ಟೇ.

ಹೆಣ್ಣಿಗೆಂದೇ ಬೇರೆ ಪ್ರಶಸ್ತಿ ಯಾಕೆ ಎಂದು ಕೇಳುವವರಿದ್ದಾರೆ. ಬಹಳ ಕಾಲ ನಾನೂ ಆ ಕಡೆಗಿದ್ದೆ. ಒಳ್ಳೆಯ ಕೆಲಸಕ್ಕೆ ಲಿಂಗವೆಲ್ಲಿಯದು ಎನ್ನುತ್ತಿದ್ದೆ. ಇತಿಹಾಸ ನೋಡಿದಮೇಲೆ ಮನಸ್ಸು ಬದಲಾಯಿತು. 1933ರಲ್ಲಿ ಬಿಬಿಸಿ ಶೀಲಾ ಬಾರೆಟ್ ಎಂಬಾಕೆಯನ್ನು ಉದ್ಘೋಷಕಿಯಾಗಿ ತಂದಿತು. ದೂರಿನ ಪತ್ರಗಳು ರಾಶಿ ಬಿದ್ದವು. ಕೆಲವೇ ತಿಂಗಳಲ್ಲಿ ಆಕೆಯನ್ನು ಮೈಕಿನಿಂದ ಇಳಿಸಿದರು. ಹೆಣ್ಣುದನಿಗೆ ವಾರ್ತೆಯ ತೂಕ ಹೊರುವ ಶಕ್ತಿಯಿಲ್ಲ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಅದಾಗಿ ಒಂಬತ್ತೇ ವರ್ಷಕ್ಕೆ, 1942ರಲ್ಲಿ, ಮುಂಬಯಿಯಲ್ಲಿ ಇಪ್ಪತ್ತೆರಡರ ಉಷಾ ಮೆಹ್ತಾ ಗುಪ್ತ ಕಾಂಗ್ರೆಸ್ ರೇಡಿಯೋದಿಂದ 42.34 ಮೀಟರಿನಲ್ಲಿ ಮಾತಾಡಿದರು. ಪೊಲೀಸರು ಹುಡುಕುತ್ತಿದ್ದರು, ಜನ ಕಿವಿಗೊಟ್ಟು ಕೇಳುತ್ತಿದ್ದರು. ಕಂಠದಲ್ಲಿ ಕೊರತೆಯಿರಲಿಲ್ಲ, ಬಾಗಿಲು ಮುಚ್ಚಿತ್ತು.

ಬಾಗಿಲು ಇಂದಿಗೂ ಪೂರ್ತಿ ತೆರೆದಿಲ್ಲ. ಸುದ್ದಿಯಲ್ಲಿ ಹೆಣ್ಣಿನ ಪಾಲೆಷ್ಟು ಎಂದು ಐದೈದು ವರ್ಷಕ್ಕೊಮ್ಮೆ ಲೆಕ್ಕ ಹಾಕುವ ಜಾಗತಿಕ ಮಾಧ್ಯಮ ಸಮೀಕ್ಷೆಯೊಂದಿದೆ. 1995ರಲ್ಲಿ ಸುದ್ದಿಯೊಳಗೆ ಕಾಣಿಸಿಕೊಂಡವರು, ಮಾತಾಡಿದವರಲ್ಲಿ ಮಹಿಳೆಯರು ಶೇಕಡಾ 17. 2020ರಲ್ಲಿ 25. ಇಪ್ಪತ್ತೈದು ವರ್ಷಕ್ಕೆ ಎಂಟಂಶ! ಇಂಥ ಹೊತ್ತಿನಲ್ಲಿ ಪ್ರತ್ಯೇಕ ಪ್ರಶಸ್ತಿ ಬೇಕೇ ಬೇಕು ಎನ್ನುತ್ತೇನೆ. ಆದರೆ ಅದು ಕೆಲಸವನ್ನು ಹೆಸರಿಟ್ಟು ಹೊಗಳಬೇಕು. ದನಿಯನ್ನೋ ಮುಖವನ್ನೋ ಹೊಗಳಿ ಸುಮ್ಮನಾದರೆ, ಹೆಣ್ಣು ಅಲ್ಲಿರುವುದು ಕೇಳಲಿಕ್ಕೆ ನೋಡಲಿಕ್ಕೆ ಚೆಂದ ಎಂಬ ಹಳೆಯ ಮಾತಿಗೇ ವೇದಿಕೆಯಿಂದ ಮುದ್ರೆ ಒತ್ತಿದಂತಾಗುತ್ತದೆ.

ಹೊಗಳಿಕೆಯ ಭಾಷೆ ಸಂಬಳದ ಚೀಟಿಯವರೆಗೂ ಹೋಗುತ್ತದೆ. ಬಿಬಿಸಿಯ ನಿರೂಪಕಿ ಸಮೀರಾ ಅಹ್ಮದ್ ಅವರಿಗೆ ಕಂತಿಗೆ 440 ಪೌಂಡ್, ಅದೇ ಬಗೆಯ ಕಾರ್ಯಕ್ರಮ ನಡೆಸುತ್ತಿದ್ದ ಜೆರೆಮಿ ವೈನ್ ಅವರಿಗೆ 3,000 ಪೌಂಡ್. ಆತನ ಕಾರ್ಯಕ್ರಮಕ್ಕೆ ವಿಶೇಷ ಲವಲವಿಕೆ ಬೇಕು ಎಂಬ ವಾದ ಬಂತು. 2020ರ ಜನವರಿಯಲ್ಲಿ ಉದ್ಯೋಗ ನ್ಯಾಯಮಂಡಳಿ ಅದನ್ನು ಒಪ್ಪದೆ ಸಮೀರಾ ಪರ ತೀರ್ಪು ಕೊಟ್ಟಿತು. ಮಂಡಳಿ ತೂಗಿ ನೋಡಿದ್ದು ಇಬ್ಬರೂ ಮಾಡುತ್ತಿದ್ದ ಕೆಲಸವನ್ನು. ಪ್ರಶಸ್ತಿ ಸಮಿತಿಗಳೂ ಹಾಗೆ ತೂಗಬಾರದೇಕೆ? ಹಾಗೆ ತೂಗಿದ್ದರೆ ಕ್ಯಾಮೆರಾ ಹಿಡಿದವಳು, ರಾತ್ರಿಪಾಳಿಯಲ್ಲಿ ಸಂಕಲನಕ್ಕೆ ಕೂತವಳು ಕೂಡ ವೇದಿಕೆಯ ಮೇಲಿರುತ್ತಿದ್ದರು. ನಮ್ಮ ಬೀದರಿಗೆ ಹತ್ತಿರದ ಮಾಚನೂರಿನಲ್ಲಿ, 2008ರಿಂದ ಸಂಗಂ ರೇಡಿಯೋದ ದಲಿತ ಹೆಣ್ಣುಮಕ್ಕಳು ತಾವೇ ದನಿಮುದ್ರಿಸಿ, ತಾವೇ ಸಂಕಲಿಸಿ ಬಿತ್ತರಿಸಿದ್ದಾರೆ. ಅವರ ಬಗ್ಗೆ ಬರೆಯುವಾಗ ಮಧುರ ಕಂಠ ಎಂದು ಶುರುಮಾಡಿದರೆ ಎಷ್ಟು ಬಿಟ್ಟುಹೋಗುತ್ತದೆ!

ಊಟದ ಸಾಲಿನಲ್ಲಿ ಆ ಉದ್ಘೋಷಕಿ ಸಿಕ್ಕರು. “ಮೇಡಂ, ನಿಮ್ಮ ಬಿನ್ನವತ್ತಳೆ ನೀವೇ ಬರೆದಿದ್ರೆ ಏನು ಬರೀತಿದ್ರಿ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು.

“ಬೆಳಗಿನ ಪ್ರಸಾರಕ್ಕೆ ನಾಲ್ಕು ಗಂಟೆಗೆ ಎದ್ದು ಹೊರಡ್ತಿದ್ದೆ. ಒಂದು ದಿನಾನೂ ತಡ ಆಗ್ಲಿಲ್ಲ. ಅದನ್ನ ಬರೀತಿದ್ದೆ.” ತಟ್ಟೆ ತಗೊಂಡು ಎರಡು ಹೆಜ್ಜೆ ಮುಂದೆ ಹೋದವರು ತಿರುಗಿ ನಿಂತರು. “ಒಂದು ಡ್ಯೂಟಿಗೆ ಎಷ್ಟು ಕೊಡ್ತಿದ್ರು ಅಂತಾನೂ.”