ಕೋಚ್‌ಗೆ ಕಾಲಾವಕಾಶ ಕೊಡಿ

1995ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು ಜಪಾನ್ ರಗ್ಬಿ ತಂಡ 145–17ರಿಂದ ಸೋತಿತ್ತು.

2012ರಲ್ಲಿ ಈ ತಂಡದ ಕೋಚ್ ಆಗಿ ಬಂದ ಆಸ್ಟ್ರೇಲಿಯಾದ ಎಡ್ಡಿ ಜೋನ್ಸ್, ಮೈಕಟ್ಟಿನಲ್ಲಿ ಚಿಕ್ಕವರಾದ ತಮ್ಮ ಆಟಗಾರರು ವೇಗ ಮತ್ತು ದಮ್ಮಿನಿಂದಲೇ ಗೆಲ್ಲಬೇಕೆಂದು ಪಟ್ಟು ಹಿಡಿದರು. ಮಿಯಾಝಾಕಿಯ ಶಿಬಿರದಲ್ಲಿ ಬೆಳಗಿನ ಜಾವವೇ ಅಭ್ಯಾಸ ಶುರು. ದಿನಕ್ಕೆ ಹಲವು ಸುತ್ತು.

2015ರ ಸೆಪ್ಟೆಂಬರ್ 19, ಬ್ರೈಟನ್. ವಿಶ್ವಕಪ್ ಪಂದ್ಯದಲ್ಲಿ ಜಪಾನ್ ಎದುರು ದಕ್ಷಿಣ ಆಫ್ರಿಕಾ ಮೂರು ಅಂಕ ಮುಂದಿತ್ತು. ಕೊನೆಗಳಿಗೆಯಲ್ಲಿ ಪೆನಾಲ್ಟಿ ಒದ್ದು ಗುರಿ ಮುಟ್ಟಿಸಿದ್ದರೆ ಪಂದ್ಯ ಸಮ. ಆದರೆ ಜಪಾನ್ ನಾಯಕ ಮೈಕೆಲ್ ಲೀಚ್ ಗೆಲುವಿಗಾಗಿ ಸ್ಕ್ರಮ್ (ಎರಡೂ ತಂಡಗಳು ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವ ಕ್ರಮ) ಕೇಳಿದರು. ಚೆಂಡು ಕೈಯಿಂದ ಕೈಗೆ ಎಡ ಅಂಚಿಗೆ ಸಾಗಿತು. ಕಾರ್ನೆ ಹೆಸ್ಕೆತ್ ಮೂಲೆಯಲ್ಲಿ ಟ್ರೈ ಗಳಿಸಿಯೇಬಿಟ್ಟರು. 34–32!

ಆ ಎದೆಗಾರಿಕೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ, ಮೂರು ವರ್ಷಕ್ಕೂ ಮೀರಿದ ಬೆವರಿನ ಫಲ. ಎರಡು ಪಂದ್ಯ ಸೋತೊಡನೆ ಕೋಚ್ ಬದಲಿಸಲು ಹೊರಡುವ ಕ್ರೀಡಾ ಆಡಳಿತಗಾರರು ದಯವಿಟ್ಟು ಜಪಾನ್ ಕಡೆ ನೋಡಲಿ.